ದಶಕದ ಒಂದು

ಗರಗಸದ ಮೇಜಿಗೆ ಸೊಂಟ ತಾಗಿಸದೆ
ಆ ಕೋಣೆಯಲ್ಲಿ ತಿರುಗಲಿಕ್ಕೆ ಬರುತ್ತಿರಲಿಲ್ಲ.
ಎಂಟಡಿ ಪ್ಲೈವುಡ್ ಸೀಳಬೇಕೆಂದರೆ
ಹಿಂಬಾಗಿಲು ತೆರೆದು ಅರ್ಧ ಹಲಗೆ ಹೊರಗೆ ಚಾಚಬೇಕು,
ಒಳಗೆ ಬರುವವರು ಹೊರಗೇ ನಿಲ್ಲಬೇಕು.
ಒಗೆದ ಬಟ್ಟೆಯ ಬುಟ್ಟಿ ಹೊತ್ತು ನಿಂತ ಕಸ್ತೂರಿ
ಒಂದು ಶುಕ್ರವಾರ ಅಂದಳು:
‘ನಿಮ್ಮ ಕಾರ್ಖಾನೆ ದಾಟಿ ಬಿಸಿಲಿಗೆ ಹೋಗಲಿಕ್ಕೆ
ನನಗೂ ಒಂದು ವೀಸಾ ಹೊಡಿಸಿಕೊಡ್ರಿ.’

ಲೆಕ್ಕ ಹಾಕಿದೆ.
ಜಾಗ ತಿನ್ನುವುದು ಕೆಲಸವಲ್ಲ, ಕೆಲಸವಿಲ್ಲದೆ ಕೂತದ್ದು:
ವರ್ಷಕ್ಕೆರಡು ಸಲ ಗುಡುಗುವ ಕಂಪ್ರೆಸರು,
ಸೋಹಾರ್ ಬಂದರಿನ ಪ್ಯಾಲೆಟ್ ಒಡೆದು ತಂದ ಪಟ್ಟಿಗಳು,
ಯಾವ ಹಡಗಿನದೋ ತೇಗದ ತುಂಡು,
ಎಂದಾದರೂ ಬೇಕಾದೀತೆಂಬ ಡಬ್ಬಿಗಳು ಹದಿನಾಲ್ಕು,
ಮೊಳೆ ಬೇರೆ, ಸೊಟ್ಟ ಮೊಳೆ ಬೇರೆ.
ಗಜೇಂದ್ರಗಡದ ಓಣಿಯಲ್ಲಿ ಅಪ್ಪ
ಕೂರಿಗೆ, ತೊಟ್ಟಿಲು ಕೆತ್ತಿದ್ದು ಬೇವಿನ ನೆರಳಲ್ಲಿ.
ಅವನ ಗೋದಾಮು ಒಂದು ಗೋಣಿಚೀಲ,
ಸಂಜೆ ಬಾಯಿ ಕಟ್ಟಿದರೆ ಮುಗಿಯಿತು.

ಮನೆಯೊಡೆಯ ಖಲ್ಫಾನ್ ಖರ್ಜೂರ ಮುಂದಿಟ್ಟು
ಕಾಫಿ ಬಗ್ಗಿಸುತ್ತ ಕೇಳಿದ:
ಪಾಯ ತೋಡುತ್ತೀಯಾ? ಇಲ್ಲ.
ಗೋಡೆ? ಇಲ್ಲ.
ನನ್ನ ಸಿದ್ರ್ ಮರ?
(ನಮ್ಮ ಬಾರೆಗಿಡದ ದಾಯಾದಿ ಅದು, ಮುಳ್ಳೂ ಹಾಗೇ)
ಒಂದು ಟೊಂಗೆಯೂ ಮುಟ್ಟುವುದಿಲ್ಲ.
‘ಹಾಗಾದರೆ ಅದು ಕಟ್ಟಡವಲ್ಲ, ಸಾಮಾನು.’
ಸಾಕೆಂದು ಬಟ್ಟಲು ಅಲ್ಲಾಡಿಸಿ ಕೆಳಗಿಟ್ಟೆ.

ಹೆದ್ದಾರಿಯಾಚೆ ಯಾವುದೋ ಕಂಪನಿ ಕ್ಯಾಂಪು ಕಿತ್ತಿತ್ತು.
ಕಾವಲುಗಾರನ ಕ್ಯಾಬಿನ್ನು ತೊಂಬತ್ತು ರಿಯಾಲಿಗೆ ಸಿಕ್ಕಿತು,
ಸಾಗಾಟ ಮೂವತ್ತೈದು, ಚೌಕಾಸಿ ಒಂದು ತಾಸು.
ಬಲೂಚಿ ದಾದ್‌ಮುರಾದ್ ಕ್ರೇನ್ ಲಾರಿಯಲ್ಲಿ ತಂದು
ಕಾಂಪೌಂಡಿನ ಮೇಲೆ ಎತ್ತಿದಾಗ
ಓಣಿಯ ಮಕ್ಕಳೆಲ್ಲ ಕುತ್ತಿಗೆ ಮೇಲೆ ಮಾಡಿದರು.
ಹಗಲೆಲ್ಲ ಬಂದರಿನ ಕ್ರೇನುಗಳ ವೈರಿಂಗು ನೋಡುವ ನಾನು
ಒಂದು ತಗಡಿನ ಡಬ್ಬಿ ಓಲಾಡಿದ್ದಕ್ಕೆ ಬೆವೆತೆ.

ಗುಡಿಸಲು ಒಳಹೊಕ್ಕಾಗ ಕಂಡದ್ದು,
ಮಲಗಿದವನ ಕಣ್ಣಿನ ಎತ್ತರಕ್ಕೆ
ಬಾಲ್‌ಪೆನ್ನಿನ ಗೀಟು. ನಾಲ್ಕಕ್ಕೊಂದು ಅಡ್ಡ,
ಮತ್ತೆ ನಾಲ್ಕು, ಮತ್ತೆ ಅಡ್ಡ,
ಒಂದು ಕಡೆ ಮೂರಕ್ಕೇ ನಿಂತಿದೆ.
ಪಕ್ಕದಲ್ಲೊಂದು ಗುಣಾಕಾರ:
48 × 12 = 476.
ಹೆಸರಿಲ್ಲ. ದಶಕದ ಒಂದನ್ನು ಕೂಡಿಸಲು ಮರೆತು
ತನಗೆ ತಾನೇ ನೂರು ಕಡಿಮೆ ಬರೆದುಕೊಂಡಿದ್ದಾನೆ.

ಕಿವಿಯ ಪೆನ್ಸಿಲ್ ಕೈಗೆ ಬಂದಿತ್ತು. ತಿದ್ದಲಿಲ್ಲ.
ಅಷ್ಟಕ್ಕೇ ಊರಿಗೆ ಮಾತು ಕೊಟ್ಟಿದ್ದನೇನೋ,
ಉಳಿದ ನೂರು ಅವನಿಗೂ ತಿಳಿಯದಂತೆ
ಜೇಬಿನಲ್ಲಿ ಬೆಳೆದಿರಬಹುದು.
ಕ್ಲ್ಯಾಂಪುಗಳನ್ನು ಅಲ್ಲೇ ಸಾಲಾಗಿ ತೂಗುಹಾಕಿದೆ.
ಒಂದು ತೆಗೆದಾಗಲೆಲ್ಲ ಒಂದು ಅಂಕಿ ಕಾಣುತ್ತದೆ.

ಇತ್ತ ಕೋಣೆ ತೆರವಾಯಿತು.
ಹಲಗೆಗಳಿದ್ದಲ್ಲಿ ಧೂಳು ಕೂರದ ಒಂದು ಆಯತ.
ಸುಮ್ಮನೆ ಟೇಪು ಹಿಡಿದೆ: ಆರಡಿ, ಎರಡೂವರೆ.
ಟೇಪು ಸುರ್ರೆಂದು ಒಳಸೇರಿತು, ನಾನು ನಿಂತೇ ಇದ್ದೆ.
ಮತ್ರಾದ ಮೊದಲ ವರ್ಷ ಇಷ್ಟೇ ಜಾಗಕ್ಕೆ
ತಿಂಗಳಿಗೆ ಹದಿನೆಂಟು ರಿಯಾಲ್ ಕೊಡುತ್ತಿದ್ದೆ,
ಅದೂ ರಾತ್ರಿಯ ಪಾಲು ಮಾತ್ರ;
ಹಗಲಿನ ಪಾಲಿನ ಲೂರ್ದುಸ್ವಾಮಿ ಎದ್ದು ಹೋದ ಮೇಲೆ
ಅವನ ಬಿಸಿಯ ಮೇಲೆಯೇ ಮಲಗಬೇಕು.
ದಿಂಬಿನ ಕೆಳಗೆ ಅಪ್ಪನ ಉಳಿ.
ಎಷ್ಟೋ ದಿನ ಅದರಿಂದ ಒಂದು ಸಿಬಿರೂ ಏಳಲಿಲ್ಲ.

ಕಸ್ತೂರಿ ಬುಟ್ಟಿ ಹೊತ್ತು ನೇರ ನಡೆದು ಬಂದಳು.
ನಡುಮಧ್ಯ ನಿಂತು, ಸೆರಗು ಎಲ್ಲೂ ಸಿಕ್ಕದಂತೆ
ಒಂದು ಸುತ್ತು ತಿರುಗಿದಳು. ಏನೂ ಅನ್ನಲಿಲ್ಲ.

ಜೂನ್ ಬಂತು.
ಕ್ಯಾಬಿನ್ನಿನೊಳಗೆ ಉಸಿರೂ ಸುಡುತ್ತದೆ.
ಅಂಟು ಹಾಲೊಡೆದಂತೆ ಒಡೆಯಿತು,
ವಾರ್ನಿಶ್ ಡಬ್ಬಿ ಹೊಟ್ಟೆ ಉಬ್ಬಿಸಿಕೊಂಡಿತು.
ಅವನು ಇಲ್ಲಿ ಹೇಗೆ ಮಲಗಿದ,
ಎಸಿಯ ತೂತಿಗೆ ರಟ್ಟು ಬಡಿದಿದೆಯಲ್ಲ?

ಹೊಸ ಅಂಟಿನ ಡಬ್ಬಿಯನ್ನು ಸದ್ದಿಲ್ಲದೆ
ಮನೆಯೊಳಗಿನ ಕೋಣೆಗೆ ತಂದಿಟ್ಟೆ,
ಆ ಖಾಲಿ ಆಯತದ ಒಂದು ಮೂಲೆಗೆ.
ಕಸ್ತೂರಿ ಬಾಗಿಲಲ್ಲೇ ಇದ್ದಳು.
‘ಒಂದು’ ಅಂದಳು,
ಬೆರಳು ಮಡಚಿ.